ಎತ್ತಿನ ಮಣಿಕಟ್ಟು ಎಲ್ಲಿದೆ?

ತುಂಗಭದ್ರೆಯ ದಡದ ಮುಕ್ಕುಂದದಲ್ಲಿ ಗದ್ದೆಯ ಕಡೆಗೆ ಹೊರಟ ಎತ್ತೊಂದು ಎದುರಾದರೆ ಅದರ ಕಾಲುಗಳನ್ನು ನೋಡಿರಿ. ಮುಂಗಾಲಿನ ನಡುವೆ ಬಾಗುವ ಗಂಟನ್ನು ನಾವು ಮೊಣಕಾಲೆನ್ನುತ್ತೇವೆ. ವಾಸ್ತವವಾಗಿ ಅದು ನಮ್ಮ ಮಣಿಕಟ್ಟು! ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿರುವುದು ಹಿಮ್ಮಡಿ. ಮುಂಗಾಲಿನ ಸೀಳುಗೊರಸು ನಡುಬೆರಳು, ಉಂಗುರಬೆರಳುಗಳ ಉಗುರು. ಎಂದರೆ, ಎತ್ತು ಆಯುಷ್ಯವೆಲ್ಲ ಬೆರಳ ತುದಿಯಲ್ಲೇ ನಿಂತು ದುಡಿಯುತ್ತದೆ.

ಸಂಜೆ ಹಾರುವ ಬಾವಲಿಯ ರೆಕ್ಕೆಯೂ ಇದೇ ಕೈ. ನೀಳವಾದ ಬೆರಳುಗಳ ನಡುವೆ ತೊಗಲು ಹಬ್ಬಿದೆ, ಅಷ್ಟೆ. ಈ ಸಾಮ್ಯವನ್ನು 1843ರಲ್ಲಿ ರಿಚರ್ಡ್ ಓವನ್ ನಿರೂಪಿಸಿದನು. ಅದು ಒಂದೇ ಪೂರ್ವಜರಿಂದ ಬಂದ ಸೊತ್ತೆಂದು 1859ರಲ್ಲಿ ಡಾರ್ವಿನ್ ವಿವರಿಸಿದನು.

ಲಾಳದ ಮೊಳೆ ಉಗುರಿನ ನಿರ್ಜೀವ ಭಾಗದಲ್ಲಿರುವವರೆಗೆ ಎತ್ತಿಗೆ ನೋವಿಲ್ಲ. ತುಸು ಒಳಸರಿದರೆ? ನಮ್ಮ ಉಗುರಿನಡಿಗೆ ಸೂಜಿ ಹೊಕ್ಕಂತೆಯೇ. ಎತ್ತು ಕಾಲೆಳೆದುಕೊಂಡರೆ ಬಾರುಕೋಲೆತ್ತುವ ಮೊದಲು ಗೊರಸನ್ನು ನೋಡಬೇಕು.