ಮೂರು ತಿಂಗಳ ಕರಾಟೆ ಅಲ್ಲಿಗೇ ನಿಲ್ಲದಿರಲಿ

ಎಡಕ್ಕೆ ತಿರುಗಿ, ಕೆಳಗಿನಿಂದ ಬರುವ ಏಟನ್ನು ಮುಂಗೈಯಿಂದ ತಡೆಯಬೇಕು. ಆಮೇಲೆ ಬಲಗಾಲು ಮುಂದಿಟ್ಟು ಗುದ್ದು. ಶೋಟೊಕಾನ್ ಶೈಲಿಯ ಕರಾಟೆಯ ಮೊದಲ ಕಾತಾ (ನಿಗದಿತ ಪಟ್ಟುಗಳ ಸಾಲು) ‘ಹೇಯಾನ್ ಶೋದಾನ್’ ಹೀಗೆ ಶುರುವಾಗುತ್ತದೆ. ಒಟ್ಟು 21 ಪಟ್ಟು. 9ನೆಯದಕ್ಕೂ 17ನೆಯದಕ್ಕೂ ಹೊಟ್ಟೆಯಾಳದಿಂದ ಒಂದು ಕೂಗು, ‘ಕಿಯಾಯ್’. ಮುಗಿಯುವ ಹೊತ್ತಿಗೆ ಪಾದ ಹೊರಟ ಜಾಗಕ್ಕೇ ಬಂದಿರಬೇಕು. ಬರದಿದ್ದರೆ ನಡುವೆ ಎಲ್ಲೋ ಹೆಜ್ಜೆ ಗಿಡ್ಡವಾಗಿದೆ ಎಂದೇ ಲೆಕ್ಕ. ಗುರು ಬೈಯುವ ಮೊದಲೇ ನೆಲ ತಪ್ಪನ್ನು ತೋರಿಸಿಬಿಡುತ್ತದೆ. ಹದಿನಾಲ್ಕರ ಹುಡುಗಿಗೆ ಇದಕ್ಕಿಂತ ನೇರವಾದ ಪಾಠ ಸಿಗುವುದು ಕಷ್ಟ.

ಹೇಯಾನ್ ಕಾತಾಗಳ ಸರಣಿಗೆ ಮೂಲ ರೂಪ ಕೊಟ್ಟವರು ಓಕಿನಾವಾದ ಆಂಕೊ ಇತೊಸು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಶಾಲೆಗಳಿಗೆ ಕರಾಟೆ ತಂದವರೂ ಅವರೇ. ಶಿಷ್ಯ ಗಿಚಿನ್ ಫುನಾಕೊಶಿ 1922ರಲ್ಲಿ ಅದನ್ನು ಟೋಕಿಯೊಗೆ ಒಯ್ದರು. ಅಂದರೆ ಮಕ್ಕಳಿಗೂ ಕಾತಾಗೂ ನಂಟು ಹಳೆಯದು.

ಈ ನಂಟಿಗೆ ಮನ್ನಣೆ ಸಿಗುವ ಒಂದು ದಾರಿಯೂ ಇದೆ. ಬ್ರಿಟನ್ನಿನಲ್ಲಿ 1956ರಲ್ಲಿ ಪ್ರಿನ್ಸ್ ಫಿಲಿಪ್ ಆರಂಭಿಸಿದ ಯುವ ಪುರಸ್ಕಾರ 1962ರಲ್ಲಿ ಭಾರತಕ್ಕೆ ಬಂತು. ಇಲ್ಲಿ ಅದರ ಹೆಸರು ‘ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್’. 14ರಿಂದ 24 ವರ್ಷದವರಿಗೆ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತ. ಸೇವೆ, ಕೌಶಲ, ದೈಹಿಕ ಚಟುವಟಿಕೆ, ಸಾಹಸ ಪಯಣ ಎಲ್ಲವೂ ಬೇಕು. ಕರಾಟೆ ಸಾಮಾನ್ಯವಾಗಿ ದೈಹಿಕ ಚಟುವಟಿಕೆಗೆ ಸೇರುತ್ತದೆ. ಕಂಚಿಗೆ ಕನಿಷ್ಠ ಮೂರು ತಿಂಗಳು, ವಾರಕ್ಕೆ ಸರಾಸರಿ ಒಂದು ಗಂಟೆ. ಚಿನ್ನಕ್ಕೆ ಒಂದು ವರ್ಷ. ಪಂದ್ಯ ಗೆಲ್ಲಬೇಕಿಲ್ಲ, ಕಪ್ಪು ಬೆಲ್ಟೂ ಬೇಕಿಲ್ಲ. ತಪ್ಪದೆ ಬಂದಿದ್ದೂ ಮುಂದೆ ಸಾಗಿದ್ದೂ ದಾಖಲಾದರೆ ಸಾಕು. ನನಗೆ ಈ ಪುರಸ್ಕಾರದಲ್ಲಿ ಹಿಡಿಸಿದ್ದು ಇದೇ.

ಬೆಂಗಳೂರು ಹೊರವಲಯದ ಬೊಮ್ಮಸಂದ್ರದಂಥ ಊರಿಗೆ ಇದು ಬಹಳ ಹೊಂದುತ್ತದೆ. ಹೊಸೂರು ರಸ್ತೆಯ ಪಕ್ಕದ ಕಾರ್ಖಾನೆಗಳಲ್ಲಿ ಅಪ್ಪ ಅಮ್ಮ ಪಾಳಿಗೆ ಹೋದರೆ ಮಕ್ಕಳ ಸಂಜೆ ಖಾಲಿ. 2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೊ ಬಂತು. ಆಡುವ ಬಯಲು ಮಾತ್ರ ಹೆಚ್ಚಲಿಲ್ಲ. ಕಾತಾಗೆ ಬಯಲು ಬೇಡ, ಒಂದು ತಾರಸಿ ಸಾಕು. ಬೂಟೂ ಬೇಡ, ಬರಿಗಾಲೇ ನಿಯಮ. ಆದರೂ ಇಂಥ ಪುರಸ್ಕಾರ ಹೆಚ್ಚಾಗಿ ದುಬಾರಿ ಶಾಲೆಗಳ ಮಕ್ಕಳಿಗೇ ಸಿಗುತ್ತಿದೆ.

ಸರ್ಕಾರಿ ಶಾಲೆಯ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಕರಾಟೆಯಂಥ ಆತ್ಮರಕ್ಷಣೆಯ ಕಲೆ ಕಲಿಸುವ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ’ ಯೋಜನೆಯಿದೆ. ಅದೂ ಮೂರು ತಿಂಗಳದ್ದೇ. ಕಂಚಿನ ಹಂತ ದೈಹಿಕ ಚಟುವಟಿಕೆಗೆ ಕೇಳುವುದೂ ಕನಿಷ್ಠ ಅಷ್ಟೇ ಅವಧಿಯನ್ನು. ಎರಡನ್ನೂ ಜೋಡಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಮುಖ್ಯೋಪಾಧ್ಯಾಯರೇ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ತರಬೇತಿ ಮುಗಿದ ದಿನ ಆ ಹಾಜರಿ ಪುಸ್ತಕವನ್ನು ಬೀರುವಿಗೆ ಸೇರಿಸಬೇಡಿ. ಒಂಬತ್ತನೇ ತರಗತಿಯ ಹುಡುಗಿಯರ ಹೆಸರನ್ನು ಪುರಸ್ಕಾರಕ್ಕೆ ನೋಂದಾಯಿಸಲು ಈ ವರ್ಷವೇ ವಿಚಾರಿಸಿ. ಹುಡುಗರನ್ನೂ ಸೇರಿಸಿಕೊಳ್ಳಿ.