ವೈದ್ಯರ ಹೆಸರಿನ ಮುಂದಿನ ಅಕ್ಷರಗಳು: ವರ್ತಕರು ಗಮನಿಸಬೇಕಾದ ಸಂಗತಿಗಳು

ಗೊಳಸಂಗಿಯಂತಹ ಊರುಗಳಲ್ಲಿ ಅಂಗಡಿ, ಗಿರಣಿ, ಗೋದಾಮು ನಡೆಸುವವರು ಕೆಲಸಗಾರರ ಚಿಕಿತ್ಸಾ ವೆಚ್ಚವನ್ನು ಭರಿಸುವುದೂ ಅನಾರೋಗ್ಯದ ರಜೆಗೆ ವೈದ್ಯರ ಪ್ರಮಾಣಪತ್ರ ಪಡೆಯುವುದೂ ವಾಡಿಕೆ. ಮಾಲಿನ ಬಿಲ್ಲಿನಲ್ಲಿ ನೋಂದಣಿ ಸಂಖ್ಯೆಯನ್ನು ತಪ್ಪದೆ ನೋಡುವ ವರ್ತಕರು ವೈದ್ಯರ ಚೀಟಿಯಲ್ಲಿ ಅದನ್ನು ಹುಡುಕುವುದು ವಿರಳ. ಇದರ ಮಹತ್ವ ಅರಿವಾಗುವುದು ಸಾಮಾನ್ಯವಾಗಿ ವಿಮೆಯ ಕ್ಲೇಮು ತಿರಸ್ಕೃತವಾದ ಮೇಲೆಯೇ.

ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ವ್ಯಾಸಂಗ ಮತ್ತು ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ ಇರುತ್ತದೆ. ಆಯುರ್ವೇದದ ಬಿ.ಎ.ಎಂ.ಎಸ್., ಹೋಮಿಯೋಪಥಿಯ ಬಿ.ಎಚ್.ಎಂ.ಎಸ್. ಪದವಿಗಳ ಅವಧಿಯೂ ಅಷ್ಟೇ. ಅವಧಿ ಸಮವಾದರೂ ಅಧಿಕಾರದ ವ್ಯಾಪ್ತಿ ಬೇರೆ. ಹೋಮಿಯೋಪಥಿ ವೈದ್ಯರೊಬ್ಬರು ಅಲೋಪಥಿ ಔಷಧಿ ನೀಡಿ ರೋಗಿ ಮೃತಪಟ್ಟ ಪೂನಂ ವರ್ಮಾ ಪ್ರಕರಣದಲ್ಲಿ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವುದೇ ನಿರ್ಲಕ್ಷ್ಯವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ಎಂ.ಡಿ. ಎಂಬ ಸ್ನಾತಕೋತ್ತರ ಪದವಿ ಅಲೋಪಥಿಯಲ್ಲಿಯೂ ಉಂಟು, ಆಯುರ್ವೇದದಲ್ಲಿಯೂ ಉಂಟು. ಆದ್ದರಿಂದ ಅದರ ಮುಂದಿನ ಆವರಣದಲ್ಲಿರುವ ವಿಷಯವನ್ನು ಓದುವುದು ಅಗತ್ಯ.

ಎಲ್ಲಕ್ಕಿಂತ ಹೆಚ್ಚು ಗೊಂದಲವಿರುವುದು 'ಆರ್.ಎಂ.ಪಿ.' ಎಂಬ ಮೂರು ಅಕ್ಷರಗಳಲ್ಲಿ. ಕಾನೂನಿನ ಪ್ರಕಾರ ಇದರ ಅರ್ಥ ನೋಂದಾಯಿತ ವೈದ್ಯ, ಅಂದರೆ ಮಾನ್ಯ ಪದವಿಯಿದ್ದು ವೈದ್ಯಕೀಯ ಪರಿಷತ್ತಿನ ಅಥವಾ ಸಂಬಂಧಿತ ಮಂಡಳಿಯ ರಿಜಿಸ್ಟರಿನಲ್ಲಿ ಹೆಸರಿರುವವರು. ಹಳ್ಳಿಗಳಲ್ಲಿ ಮಾತ್ರ, ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ಸೂಜಿ ಹಾಕಲು ಕಲಿತು ಸ್ವಂತ ಬೋರ್ಡು ಹಾಕಿದವರಿಗೂ ಇದೇ ಹೆಸರು. ಅಕ್ಷರ ಒಂದೇ, ಅರ್ಥ ತದ್ವಿರುದ್ಧ! ರಾತ್ರಿ ಬಾಗಿಲು ತಟ್ಟಿದರೆ ಬರುವವರು ಇವರೇ ಎಂಬುದು ನಿಜ. ಆದರೆ ಇವರ ಪ್ರಮಾಣಪತ್ರಕ್ಕೆ ಕಾನೂನಿನ ಬೆಲೆಯಿಲ್ಲ. ಇವರ ಚೀಟಿಯ ಮೇಲೆ ಷೆಡ್ಯೂಲ್ 'ಎಚ್' ಔಷಧಿ ಮಾರಿದ ಔಷಧಿ ವ್ಯಾಪಾರಿಯ ಲೈಸೆನ್ಸಿಗೂ ಅಪಾಯ ತಪ್ಪಿದ್ದಲ್ಲ.

ಸರ್ಕಾರಿ ಉಪಕೇಂದ್ರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳು ಬಹುಮಟ್ಟಿಗೆ ಬಿ.ಎಸ್ಸಿ. ನರ್ಸಿಂಗ್ ಪದವೀಧರರು. ರಕ್ತದೊತ್ತಡ, ಮಧುಮೇಹದ ತಪಾಸಣೆಗೆ ಅವರ ಸೇವೆ ನಿಸ್ಸಂಶಯವಾಗಿ ಉಪಯುಕ್ತ. ಆದರೆ ಅವರು ವೈದ್ಯರಲ್ಲ. ಆಶಾ ಕಾರ್ಯಕರ್ತೆಯರೂ ಅಲ್ಲ.

ಪರಿಶೀಲನೆ ಕಷ್ಟವಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ಪ್ರತಿಯೊಂದು ಖಾಸಗಿ ಕ್ಲಿನಿಕ್ಕೂ ನೋಂದಣಿ ಪಡೆದು, ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕತಕ್ಕದ್ದು. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಫಲಕವಿರಬೇಕೆಂದು ಸರ್ಕಾರ 2024ರಲ್ಲಿ ಸೂಚಿಸಿತು. ವೈದ್ಯರ ವೈಯಕ್ತಿಕ ನೋಂದಣಿ ಇದರಿಂದ ಪ್ರತ್ಯೇಕವಾದುದು, ಎಂ.ಬಿ.ಬಿ.ಎಸ್. ವೈದ್ಯರದ್ದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿಯೂ ಉಳಿದವರದ್ದು ಆಯಾ ಪದ್ಧತಿಯ ಮಂಡಳಿಯಲ್ಲಿಯೂ ಇರುತ್ತದೆ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ 'ವೈದ್ಯ' ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯೂ ಈ ನೋಂದಣಿಯನ್ನೇ ಆಧರಿಸಿದೆ. ಆದಕಾರಣ ಬಿಲ್ಲು, ಚೀಟಿ, ಪ್ರಮಾಣಪತ್ರ ಯಾವುದೇ ಇರಲಿ, ಸಹಿಯ ಕೆಳಗೆ ನೋಂದಣಿ ಸಂಖ್ಯೆಯನ್ನು ಅಲ್ಲಿಯೇ ಬರೆಸಿಕೊಂಡು ನಂತರ ವೋಚರಿಗೆ ಲಗತ್ತಿಸುವುದು ಲೇಸು.