ಬಿಸಿಲಿಗೆ ಜಾಗ ಉಳಿಸುವ ಸ್ವಿಚ್ಚು

ಬೆಂಗಳೂರಿನ ಮಹಡಿಗಳ ಮೇಲೆ ಕಾಣುವ ಒಂಟಿ ಮನೆಯ ಸೋಲಾರ್ ಹೀಟರುಗಳಿಗೆ ಸಾಮಾನ್ಯವಾಗಿ ಪಂಪು ಇರುವುದಿಲ್ಲ. ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಪ್ಯಾನೆಲ್ಲಿಗೆ ಇಳಿಯುತ್ತದೆ, ಬಿಸಿಲು ಹೋದರೆ ಈ ಹರಿವೂ ನಿಲ್ಲುತ್ತದೆ. ಇಂಥದ್ದಕ್ಕೆ ಕಂಟ್ರೋಲರ್ ಏಕೆ ಎಂದು ಕೇಳುವುದು ಸಹಜ. ಪ್ಯಾನೆಲ್ಲಿಗೆ ಬೇಡ, ನಿಜ. ಬೇಕಾಗಿರುವುದು ಮೋಡದ ದಿನಗಳಿಗೆಂದು ಟ್ಯಾಂಕಿನೊಳಗೆ ಕೂರಿಸಿದ ಕರೆಂಟ್ ಕಾಯಿಲಿಗೆ. ಅದರ ಥರ್ಮೋಸ್ಟಾಟ್ ನೀರಿನ ಬಿಸಿಯನ್ನಷ್ಟೇ ಬಲ್ಲದು. ಗಂಟೆ ಎಷ್ಟಾಯಿತು, ಇನ್ನು ಸ್ವಲ್ಪ ಹೊತ್ತಿಗೆ ಬಿಸಿಲು ಏರುತ್ತದೆ ಎಂಬುದು ಅದಕ್ಕೆ ತಿಳಿಯದು.

ನಷ್ಟವಾಗುವುದು ಇಲ್ಲೇ. ಬೆಳಿಗ್ಗೆ ಏಳಕ್ಕೆ ಮನೆಯವರ ಸ್ನಾನ ಮುಗಿದಾಗ, ಖರ್ಚಾದಷ್ಟು ತಣ್ಣೀರು ಟ್ಯಾಂಕಿಗೆ ತುಂಬಿಕೊಂಡಿರುತ್ತದೆ. ಸ್ವಿಚ್ ಆರಿಸಲು ಮರೆತರೆ ಕಾಯಿಲ್ ಆ ನೀರನ್ನೂ ಕಾಯಿಸುತ್ತದೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಬೇಕು. 2 ಕಿಲೋವಾಟಿನ ಕಾಯಿಲಿಗೆ ಅದು ಎರಡು ಗಂಟೆಯ ಕೆಲಸ. ಒಂಬತ್ತರ ಬಿಸಿಲು ಪ್ಯಾನೆಲ್ಲಿಗೆ ತಾಗುವ ಹೊತ್ತಿಗೆ ನೀರು ಕಾದಾಗಿರುತ್ತದೆ. ಪುಕ್ಕಟೆ ಸಿಗಬೇಕಿದ್ದ ಶಾಖಕ್ಕೆ ದುಡ್ಡು ತೆತ್ತಂತಾಯಿತು. ಟೈಮರ್ ಮತ್ತು ಸೆನ್ಸರ್ ಎರಡೂ ಇರುವ ಕಂಟ್ರೋಲರ್ ಬೆಳಗಿನ ಜಾವ ಟ್ಯಾಂಕಿನ ಬಿಸಿ ನೋಡಿ, ನಿನ್ನೆಯದೇ ಸಾಕಾದರೆ ಸುಮ್ಮನಿರುತ್ತದೆ, ಸಾಲದಿದ್ದರೆ ಕಾಯಿಸುತ್ತದೆ, ಸ್ನಾನದ ಹೊತ್ತು ಕಳೆದೊಡನೆ ಕಾಯಿಲನ್ನು ಆರಿಸುತ್ತದೆ. ಬಿಸಿಲನ್ನು ಅದು ಹೆಚ್ಚಿಸುವುದಿಲ್ಲ. ಬಿಸಿಲಿಗೆ ಟ್ಯಾಂಕಿನಲ್ಲಿ ಕೆಲಸ ಉಳಿಸುತ್ತದೆ. ಅದರ ಬೆಲೆಯೆಲ್ಲ ಅಷ್ಟರಲ್ಲೇ ಇದೆ.

ಇದಕ್ಕೆ ನಮ್ಮ ಎಚ್ಚರವೇ ಸಾಲದೇ ಎನ್ನಬಹುದು. ಆದರೆ ಟ್ಯಾಂಕ್ ಮಹಡಿಯ ಮೇಲಿದೆ, ನಾವು ಬಚ್ಚಲಲ್ಲಿದ್ದೇವೆ. ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಪೈಪಿನಲ್ಲಿ ನಿಂತ ತಣ್ಣೀರು. ಒಳಗಿನ ಅಗಲ 20 ಮಿಲಿಮೀಟರ್ ಇರುವ 20 ಮೀಟರ್ ಪೈಪಿನಲ್ಲೇ ಅದು 6 ಲೀಟರಿನಷ್ಟಾಗುತ್ತದೆ. ಅದನ್ನು ಮುಟ್ಟಿ ನೋಡಿ ಟ್ಯಾಂಕೇ ತಣ್ಣಗಿದೆ ಎಂದು ಸ್ವಿಚ್ ಹಾಕಿದರೆ ತಪ್ಪು ಯಾರದ್ದೂ ಅಲ್ಲ, ಕಣ್ಣಿಗೆ ಕಾಣದ್ದನ್ನು ಊಹಿಸಬೇಕಾಗಿ ಬಂದದ್ದರದ್ದು. ಮಳೆ ಬಿಸಿಲಿಗೆ ಸೆನ್ಸರ್ ವೈರು ಕೆಡುತ್ತದೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಅದಕ್ಕೇ ಮೊಬೈಲಿನಿಂದ ನಡೆಸುವ ದುಬಾರಿ ಸಲಕರಣೆಯನ್ನು ಒಂಟಿ ಮನೆಗೆ ನಾನು ಹೇಳಲಾರೆ. ಕೆಟ್ಟರೆ ಊರಿನ ಎಲೆಕ್ಟ್ರಿಷಿಯನ್ನೇ ಬದಲಿಸಬಲ್ಲ ಸರಳವಾದದ್ದು ಸಾಕು. ಪಂಪು ಇರುವ ದೊಡ್ಡ ಅಪಾರ್ಟ್‌ಮೆಂಟುಗಳ ಲೆಕ್ಕ ಬೇರೆ. ಅಲ್ಲಿ ಪ್ಯಾನೆಲ್ಲು ಟ್ಯಾಂಕಿಗಿಂತ ಕೆಲವು ಡಿಗ್ರಿಯಾದರೂ ಹೆಚ್ಚು ಕಾದಿರುವಾಗ ಮಾತ್ರ ಪಂಪು ಓಡಬೇಕು. ರಾತ್ರಿಯೂ ಓಡಿದರೆ, ಹಗಲಿಡೀ ಕೂಡಿಟ್ಟ ಶಾಖವನ್ನು ಅದೇ ಪ್ಯಾನೆಲ್ಲುಗಳು ಆಕಾಶಕ್ಕೆ ಚೆಲ್ಲುತ್ತವೆ.